ಬಲೆಗೆ ನಾನು ತುಂಬಿದ ತರಗು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದೆನೋ. ಒಮ್ಮೆ ಪೆನ್ನು ಸರಿಯಿಲ್ಲವೆಂದು ಎದ್ದೆ, ಒಮ್ಮೆ ಕನ್ನಡಕ ಒರೆಸಬೇಕೆಂದು ಎದ್ದೆ. ಮೊನ್ನೆ ಎರಡೂ ಸರಿಯಿದ್ದವು, ಕಾಫಿಗೆಂದು ಎದ್ದೆ. ಇನ್ನು ನೆಪ ಉಳಿದಿಲ್ಲ.

ಮಲ್ಲಿಪಟ್ಟಣದ ಹತ್ತಿರದ ನಮ್ಮೂರಿನ ಕೆರೆಯ ಹಿಂದೆ ಒಂದು ಗುಂಡುತೋಪಿದೆ. ಹೊಂಗೆ, ನೇರಳೆ, ಹಿಪ್ಪೆ ಮರಗಳು. ಎರಡು ವರ್ಷದ ಹಿಂದೆ ಹಾಸನದ ಕಾಲೇಜು ಮೇಷ್ಟ್ರೊಬ್ಬರು ತಮ್ಮ ವಿದ್ಯಾರ್ಥಿನಿಯನ್ನು ಕರೆದುಕೊಂಡು ಬಂದು, ಈ ತೋಪಿನಲ್ಲಿ ಎಷ್ಟು ಇಂಗಾಲವಿದೆಯೆಂದು ನೋಡಬೇಕು ಅಂದರು. ನನಗೆ ಗೊತ್ತಿದ್ದ ಇಂಗಾಲವೆಂದರೆ ಇಸ್ತ್ರಿ ಪೆಟ್ಟಿಗೆಯೊಳಗಿನ ಇದ್ದಿಲು. ಮೇಷ್ಟ್ರು ನಗದೆ ವಿವರಿಸಿದರು. ಮರ ಗಾಳಿಯಿಂದ ಇಂಗಾಲ ಎಳೆದುಕೊಂಡು ಕಾಂಡ, ಕೊಂಬೆ, ಬೇರು ಕಟ್ಟಿಕೊಳ್ಳುತ್ತದಂತೆ. ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಅದೇ ಅಂತೆ. ಉದುರಿದ ಎಲೆ ಕೊಳೆತಾಗ ಒಂದಷ್ಟು ಗಾಳಿಗೆ ವಾಪಸು, ಒಂದಷ್ಟು ಮಣ್ಣಿನಲ್ಲಿ ವರ್ಷಾನುಗಟ್ಟಲೆ ಠಿಕಾಣಿ.

ನಾನು ಎಸ್ಸೆಸ್ಸೆಲ್ಸಿ ಪಾಸು. ಗೊರೂರಿನಲ್ಲಿ ನಾಲೆಯ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುತ್ತ ನಿವೃತ್ತನಾದವನು. ಹಾಗಾಗಿ ಮೇಷ್ಟ್ರು ನನ್ನನ್ನೇ ಸಹಾಯಕ್ಕೆ ಆರಿಸಿದರು. ಎದೆಮಟ್ಟದಲ್ಲಿ ಟೇಪು ಸುತ್ತಲು ಒಂದೊಂದೇ ಮರ ತಬ್ಬಿಕೊಂಡೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು, "ಮನೇಲಿ ಸೇರುಸ್ತಿಲ್ವೇನಣ್ಣೋ?" ಅಂದರು. ಆಮೇಲೆ ಮರದಡಿ ಕೋಲು ನೆಟ್ಟು, ಸೊಳ್ಳೆಪರದೆಯಂಥ ಐದು ಬಲೆ ಕಟ್ಟಿದರು. ಪ್ರತಿ ಭಾನುವಾರ ಬಲೆಗೆ ಬಿದ್ದ ಎಲೆ ತೂಗಿ, ಬರೆದು, ಚೀಲಕ್ಕೆ ಹಾಕಿಡುವುದು ನನ್ನ ಕೆಲಸ. ನೆಲದಲ್ಲೂ ಒಂದು ಚೌಕಕ್ಕೆ ಹಗ್ಗ ಕಟ್ಟಿ, ಅಲ್ಲಿ ಮಾತ್ರ ಯಾರೂ ತರಗು ಗುಡಿಸಬಾರದೆಂದರು.

ತರಗು ಗುಡಿಸುವವಳು ನನ್ನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಮನೆ ನಮ್ಮ ಪಕ್ಕದ್ದೇ. ದಿನಾ ಬೆಳಿಗ್ಗೆ ಒಂದು ಕುಕ್ಕೆ ಒಣಗೆಲೆ ಗುಡಿಸಿ ತಂದು ಹಸುವಿನ ಕಾಲಡಿ ಹರಡುತ್ತಾಳೆ. ಅದು ಸಗಣಿ ಗಂಜಳ ಹೀರಿ ತಿಪ್ಪೆ ಸೇರುತ್ತದೆ. ಗುಡಿಸಿದರೆ ಮಣ್ಣಿಗೆ ಇಂಗಾಲ ಸಿಗುವುದಿಲ್ಲವೆಂದು ಮೇಷ್ಟ್ರು ಹೇಳಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ನಾನೇನು ಅದ ತಿಂತೀನಾ ಸಾ? ಕೊಟ್ಗೆಗೆ ಓಯ್ತದೆ, ತಿಪ್ಪೆಗೆ ಓಯ್ತದೆ, ಆಮ್ಯಾಕೆ ವಲಕ್ಕೆ. ಅದೂ ಮಣ್ಣೇ ತಾನೇ?"

ಮೇಷ್ಟ್ರು ಇದನ್ನು ಬರೆದುಕೊಂಡರು. ನನ್ನ ಮಾತು ಒಂದನ್ನೂ ಅವರು ಹಾಗೆ ಬರೆದುಕೊಂಡಿರಲಿಲ್ಲ.

ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ದಿನ ಮೇಷ್ಟ್ರ ವಿದ್ಯಾರ್ಥಿನಿ, ಆ ಹುಡುಗಿ, ಫೋನಿನಲ್ಲಿ, ಕೊರವಂಗಲದ ಹತ್ತಿರದ ತೋಪೊಂದರಲ್ಲೂ ಬಲೆ ಕಟ್ಟಿದ್ದೇವೆ, ಅಲ್ಲಿ ನಿಮ್ಮ ಎರಡರಷ್ಟು ಎಲೆ ಬೀಳುತ್ತಿದೆ ಅಂದಳು. ನನಗೆ ಅನ್ನ ರುಚಿಸಲಿಲ್ಲ. ಅವರೂರಿನಲ್ಲಿ ಹಳೆಯ ದೇವಸ್ಥಾನವಿದೆ, ಒಪ್ಪಿದೆ. ಎಲೆಯೂ ಅವರದೇ ಜಾಸ್ತಿಯೇ?

ಮುಂದಿನ ಭಾನುವಾರ ನನ್ನ ಹಿತ್ತಲಿನ ಹಲಸಿನ ಮರದ ಕೆಳಗಿದ್ದದ್ದನ್ನೆಲ್ಲ ತಂದು ಬಲೆಗೆ ಸುರಿದೆ. ತೋಪಿನಲ್ಲಿ ಹಲಸಿನ ಮರ ಇಲ್ಲವೆಂಬುದು ಆಗ ಹೊಳೆಯಲಿಲ್ಲ. ಮೂರು ವಾರಕ್ಕೆ ಹಿತ್ತಲು ಬರಿದಾಯಿತು. ನಾಲ್ಕನೆಯ ವಾರ ಅತ್ತಿಗೆಯ ಅಟ್ಟ ಹತ್ತಿದೆ. ಅವಳು ಚನ್ನರಾಯಪಟ್ಟಣದ ತವರಿನಿಂದ ಮುತ್ತುಗದೆಲೆ ತರಿಸಿ, ಮೊಮ್ಮಗಳ ನಾಮಕರಣಕ್ಕೆಂದು ಕಡ್ಡಿ ಚುಚ್ಚಿ ಹಚ್ಚಿದ ಊಟದೆಲೆಗಳು ಅಲ್ಲಿ ಒಂದು ಕಟ್ಟು ಉಳಿದಿದ್ದವು. ಹರಿದು ಪುಡಿಮಾಡಿ ಬಲೆಗೆ ಹಾಕಿದೆ. ಪೂರ್ತಿ ಪುಡಿಯಾಗಲಿಲ್ಲ.

ಚೀಲ ಒಯ್ಯಲು ಮೇಷ್ಟ್ರೂ ಹುಡುಗಿಯೂ ಬಂದರು. ತೋಪಿನಲ್ಲೇ ಚೀಲ ಸುರಿದು ನೋಡಿದ ಹುಡುಗಿ ಒಂದು ಚೂರು ಎತ್ತಿ ಹಿಡಿದಳು.

"ಸರ್, ಈ ಎಲೆಗೆ ಹೊಲಿಗೆ ಇದೆ."

ಮೇಷ್ಟ್ರು ತಲೆಯೆತ್ತಿ ಮರ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಏನ್ ಯಜಮಾನ್ರೇ, ಈ ಮರ ಊಟಕ್ಕೂ ಬಡಿಸ್ತದಾ?"

ಹೊಂಗೆ ಮರದಡಿ ಅತ್ತಿಗೆ ಪೊರಕೆ ಹಿಡಿದು ನಿಂತಿದ್ದಳು. ಊರಿನ ನಾಲ್ಕೈದು ಜನರೂ ಇದ್ದರು. ನನ್ನ ಬೆರಳು ತಾನಾಗಿಯೇ ಅವಳ ಕಡೆ ಹೋಯಿತು.

"ನಮ್ಮತ್ಗೆ ಸಾ. ವಯಸ್ಸಾಯ್ತು. ಮನೆ ಕಸ ತಂದು ಇಲ್ಲಿ ಸುರುದ್ಬುಟ್ಟವಳೆ."

ಅವಳು ಹತ್ತಿರ ಬಂದು ಆ ಚೂರು ಇಸಿದುಕೊಂಡು, ತನ್ನದೇ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು. ನನ್ನ ಮುಖ ನೋಡಿದಳು. "ಊಂ ಸಾ, ನಂದೇ ಎಲೆ ಇದು," ಅಂದಳು, ಅಷ್ಟೇ. ಅದು ಸುಳ್ಳೂ ಅಲ್ಲ.

ಮೇಷ್ಟ್ರು ಕೇಳಿಕೊಂಡಿದ್ದರಿಂದ ಊರಿನವರು ಅವಳು ತೋಪಿಗೆ ಕಾಲಿಡಕೂಡದೆಂದು ತೀರ್ಮಾನಿಸಿದರು. ಅವಳು ಮಂಡಿನೋವಿನ ಕಾಲೆಳೆದುಕೊಂಡು ದೂರದ ನಾಲೆಯ ಏರಿಗೆ ತರಗಿಗಾಗಿ ಹೋಗತೊಡಗಿದಳು. ನೋಡಲಾರದೆ ನಾನೇ ಒಂದು ಮೂಟೆ ಎಲೆ ಹೊತ್ತು ತಂದು ಅವಳ ಕೊಟ್ಟಿಗೆಯ ಮುಂದೆ ಇಳಿಸಿದೆ.

"ಯಾಕ್ಲಾ," ಅಂದಳು, "ಬಲೆ ತುಂಬೋಯ್ತಾ?"

ಚಡ್ಡಿ ಜಾರುವ ವಯಸ್ಸಿನಿಂದ ನನ್ನನ್ನು ನೋಡಿದವಳು. ನಾನು ಮೂಟೆಯ ಬಾಯಿ ಬಿಚ್ಚುವುದರಲ್ಲಿ ಬಹಳ ಮಗ್ನನಾದಂತೆ ನಟಿಸಿದೆ.

ಮಾರನೆಯ ದಿನ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಆ ತಿಂಗಳ ಚೀಲಗಳನ್ನು ಎಸೆದರು. ಹಗ್ಗದಾಚೆ ಅವಳು ಗುಡಿಸಿಕೊಳ್ಳಲಿ ಎಂದು ಊರಿನವರಿಗೆ ಹೇಳಿಸಿದರು. ಕಾರಣ ಮಾತ್ರ ಹೇಳಲಿಲ್ಲ. "ಅದನ್ನ ನೀವೇ ಹೇಳ್ಬೇಕು," ಅಂದರು. "ಏಳ್ತೀನಿ ಸಾ," ಅಂದೆ.

ಹೇಳಿಲ್ಲ. ಇಂದಿಗೂ ಡೇರಿಗೆ ಅವಳು ಹಾಲು ತಂದಾಗ ಯಾರಾದರೂ, "ದಾರಿ ಬುಡ್ರಪ್ಪಾ, ಮರಕ್ಕೆ ಎಲೆ ಹಾಕೋ ಅಜ್ಜಿ ಬಂತು," ಅನ್ನುತ್ತಾರೆ. ಸಾಲಿಗೆ ಸಾಲೇ ನಗುತ್ತದೆ. ಅವಳ ಹಿಂದೆಯೇ ಕ್ಯಾನು ಹಿಡಿದು ನಾನಿರುತ್ತೇನೆ. ಅದು ಅವಳಲ್ಲ, ನಾನು ಅಂದರೆ ಮುಗಿಯಿತು. ಬಾಯಿ ತೆರೆಯುತ್ತೇನೆ, ಹಾಲಿಗೆ ಫ್ಯಾಟು ಎಷ್ಟು ಬಂತು ಎಂದು ಕೇಳುತ್ತೇನೆ.

ಮೇಷ್ಟ್ರ ಕ್ಷಮೆ ಕೇಳಿದೆ, ಹುಡುಗಿಯದೂ ಕೇಳಿದೆ. ಅವಳು ನಕ್ಕು ಫೋನಿಟ್ಟಳು. ನಾನಿನ್ನೂ ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನೇ, ನನ್ನ ಅತ್ತಿಗೆಯನ್ನು.