ಸೀನ ಆಡಿದನೆಂಬ ಮಾತು

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದವಳು. ಕಾರ್ಖಾನೆಯಲ್ಲಿ ನನ್ನದು ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಪಾಸು, ಇಲ್ಲದಿದ್ದರೆ ವಾಪಸು ಮಾಡುವ ಕೆಲಸ. ಮನೆಯಲ್ಲೂ ಅದೇ ಬುದ್ಧಿ. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಧೈರ್ಯ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಡುಗೋಡಿಯ ಮನೆಯಲ್ಲಿ ಅವ್ವ, ನಾನು, ತಮ್ಮ ಸೀನ. ಅವನಿಗೆ ಆಗ ಇಪ್ಪತ್ತು ವರ್ಷ. ಹುಟ್ಟು ಕಿವುಡ, ಹಾಗಾಗಿ ಮಾತೂ ಇಲ್ಲ, ಓದು ಬರಹವೂ ಇಲ್ಲ. ಹೊಲದಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ. ಅವನಿಗೆ ಮಾತು ಬರಲೆಂದು ಅವ್ವ ನಂಜನಗೂಡಿನ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದಳು. ಅವಳ ಸಮಾಧಾನಕ್ಕೆ ನಾನು ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಹೊರಟೆ.

ಆ ಕಾಲದ ಬೆಂಗಳೂರು ಸಿಟಿ ಸ್ಟೇಷನ್ ಎಂದರೆ ಎರಡು ಬಗೆಯ ಹಳಿಗಳು ಎದುರಾಗುವ ಜಾಗ. ನಮ್ಮ ಕಡೆಯಿಂದ, ಕೋಲಾರ, ಮದರಾಸು ಕಡೆಯಿಂದ ಬರುವುದು ದೊಡ್ಡ ಹಳಿಯ ಗಾಡಿ. ಮೈಸೂರಿಗೆ, ಹುಬ್ಬಳ್ಳಿಗೆ ಹೋಗುವುದು ಸಣ್ಣ ಹಳಿಯದು. ಎಲ್ಲಿಯವರಾದರೂ ಅಲ್ಲಿ ಇಳಿದು, ಗಂಟುಮೂಟೆ ಹೊತ್ತು, ಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ಎದುರಿನ ಬಸ್ ಸ್ಟ್ಯಾಂಡಿನ ಜಾಗದಲ್ಲಿ ಹಿಂದೆ ಕೆರೆ ಇತ್ತು, ನೀರು ಹೋಗಿ ಜನ ತುಂಬಿಕೊಂಡರು ಎಂದು ತೀರಿಹೋದ ಅಪ್ಪ ಹೇಳುತ್ತಿದ್ದ. ಅವತ್ತು ಬೆಳಿಗ್ಗೆ ಸೇತುವೆಯ ಮೆಟ್ಟಿಲ ಮೇಲೆ ನಿಜಕ್ಕೂ ತೂಬು ಒಡೆದ ಹಾಗೆ ಜನ ನುಗ್ಗಿದರು. ಯಾರೋ ಹೊತ್ತಿದ್ದ ಟ್ರಂಕು ನಡುವೆ ಬಂತು. ಅವ್ವನ ಕೈಯಿಂದ ಸೀನನ ಕೈ ಜಾರಿತು. ಕೆಳಗಿಳಿದು ನೋಡಿದರೆ ಅವನಿಲ್ಲ.

ಕಳೆದುಹೋದವರನ್ನು ಜನ ಹೆಸರು ಹಿಡಿದು ಕೂಗುತ್ತಾರೆ. ನಾವು ಏನೆಂದು ಕೂಗಬೇಕು? ಮೈಕಿನಲ್ಲಿ ಹೇಳಿಸುತ್ತೇವೆಂದು ಸ್ಟೇಷನ್ನಿನವರು ಮುಂದೆ ಬಂದರು. "ಅವ್ನಿಗೆ ಕಿವಿ ಕೇಳ್ಸಾಕಿಲ್ಲ ಸಾಮಿ" ಎಂದು ಅವ್ವ ಅಲ್ಲೇ ಕುಸಿದಳು. ಮೈಸೂರಿನ ಗಾಡಿ ಹೊರಟುಹೋಯಿತು.

ಎರಡು ದಿನ ಪೊಲೀಸ್ ಠಾಣೆ, ಆಸ್ಪತ್ರೆ, ಛತ್ರ ಎಲ್ಲ ಸುತ್ತಿದೆ. ಆಸ್ಪತ್ರೆಯಲ್ಲಿ ಒಂದು ಹೆಣದ ಮುಖದ ಬಟ್ಟೆ ಸರಿಸಿ, ಇವನಲ್ಲ ಎಂದು ಗೊತ್ತಾದಾಗ ನನಗೆ ಖುಷಿಯಾಯಿತು. ಆ ಖುಷಿಗೆ ಈಗಲೂ ನಾಚಿಕೆಯಾಗುತ್ತದೆ. ಮನೆಗೆ ಹೋದರೆ ಅವ್ವ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, "ಬುಟ್ಟೋಳು ನಾನೇ, ನಾನೇ ಬುಟ್ಟೆ" ಎನ್ನುತ್ತಿದ್ದಳು. ಒಂದು ತುತ್ತೂ ಇಳಿಯುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮತ್ತೆ ಸ್ಟೇಷನ್ನಿನಲ್ಲಿದ್ದೆ. ಕಿವುಡ, ಮೂಗ ಎಂದು ಹೇಳಿ ಹೇಳಿ ಬಾಯಿ ಸೋತಿತ್ತು. ನೀರಿನ ನಲ್ಲಿಯ ಹತ್ತಿರ ಕೂತಿದ್ದ ವಯಸ್ಸಾದ ಕೂಲಿಯೊಬ್ಬನ ಮುಂದೆ ಸೀನನ ಫೋಟೋ ಸುಮ್ಮನೆ ಹಿಡಿದೆ.

"ಓ, ಈ ಹುಡುಗಾನಾ? ನೀವು ಅವನಕ್ಕಾನಾ?" ಎಂದ. "ಮೊನ್ನೆ ನನ್ಹತ್ರ ಬಂದಿದ್ದ. 'ನಮ್ಮಕ್ಕ ಹುಡುಕ್ಕೊಂಡು ಬರ್ತಾಳೆ, ಪುಟ್ಟಮ್ಮ ಚಿಕ್ಕಮ್ಮನ ಮನೆಗೆ ಹೋಗಿದೀನಿ ಅಂತ ಹೇಳು' ಅಂದ."

ನನಗೆ ರೇಗಿತು. "ಅವನಿಗೆ ಮಾತೇ ಬರಲ್ಲ ಕಣ್ರೀ! ಹುಟ್ಟು ಮೂಗ ಅವನು!"

ಮುದುಕ ಫೋಟೋವನ್ನು ಇನ್ನೊಮ್ಮೆ ನೋಡಿದ. "ಇವನೇ ಕಣಮ್ಮ. ನಾನ್ಯಾಕೆ ಸುಳ್ಳು ಹೇಳ್ಲಿ?"

ಬೇರೆ ಯಾರನ್ನೋ ನೋಡಿರಬೇಕು ಎಂದುಕೊಂಡು ನಾಲ್ಕು ಹೆಜ್ಜೆ ನಡೆದೆ. ಆಮೇಲೆ ಕಾಲು ನಿಂತವು. ಪುಟ್ಟಮ್ಮ ನಮ್ಮೂರಿಗೆ ಹೋಗುವ ದಾರಿಯ ದೊಡ್ಡನೆಕ್ಕುಂದಿಯಲ್ಲಿರುವ ನಮ್ಮ ಚಿಕ್ಕಮ್ಮ. ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಅವಳ ಮನೆಯವರೆಲ್ಲ ಮದುವೆಗೆಂದು ಮಾಲೂರಿಗೆ ಹೋಗಿದ್ದರಿಂದ ನಾನು ಅತ್ತ ಹೋಗಿಯೇ ಇರಲಿಲ್ಲ.

ದೊಡ್ಡನೆಕ್ಕುಂದಿ ತಲುಪುವಾಗ ಹೊತ್ತು ಇಳಿಯುತ್ತಿತ್ತು. ಬೀಗ ಹಾಕಿದ ಮನೆಯ ಜಗಲಿಯ ಮೇಲೆ ಸೀನ ಮುದುಡಿ ಮಲಗಿದ್ದ. ಮೈ ಕೆಂಡದ ಹಾಗೆ ಸುಡುತ್ತಿತ್ತು, ಅಂಗಾಲಿನಲ್ಲಿ ಬೊಕ್ಕೆ ಎದ್ದಿದ್ದವು. ನನ್ನನ್ನು ಕಂಡವನೇ ಸೆರಗು ಹಿಡಿದುಕೊಂಡು ಅತ್ತ. ಅವನ ಭುಜ ಅಲುಗಾಡಿಸಿ, "ಮಾತಾಡೋ, ಮಾತಾಡೋ" ಎಂದೆ. ಗಂಟಲಿನಿಂದ ಎಂದಿನ 'ಆಂ' ಬಿಟ್ಟು ಬೇರೇನೂ ಹೊರಡಲಿಲ್ಲ.

ಅವ್ವನಿಗೆ ಕೂಲಿಯ ಮಾತನ್ನು ಹೇಳಿದ್ದೇ ತಪ್ಪಾಯಿತೇನೋ. ಜ್ವರ ಬಿಟ್ಟ ವಾರಕ್ಕೆ ಅವನನ್ನೂ ನನ್ನನ್ನೂ ಎಳೆದುಕೊಂಡು ಸಿಟಿ ಸ್ಟೇಷನ್ನಿಗೆ ಬಂದಳು. ಮುದುಕ ಸಿಕ್ಕಿದ. ಅವನನ್ನು ಕಂಡು ಸೀನ ಪರಿಚಯದವರನ್ನು ಕಂಡಂತೆ ನಕ್ಕ. ಅವನ ನಗುವೇ ಹಾಗೆ, ಯಾರನ್ನು ಕಂಡರೂ ನಗುತ್ತಾನೆ ಎಂದು ನಾನು ನನಗೇ ಹೇಳಿಕೊಂಡೆ. ಅವ್ವ ಕೂಲಿಯ ಎರಡೂ ಕೈ ಹಿಡಿದುಕೊಂಡಳು.

"ಎಂಗಿತ್ತಪ್ಪಾ ನನ್ ಮಗನ ದನಿ?"

ಮುದುಕ ಬಹಳ ಹೊತ್ತು ಸೀನನನ್ನೇ ನೋಡಿದ. "ಮೆತ್ತಗಿತ್ತು ಕಣವ್ವ. ಗಂಟ್ಲು ಒಣಗಿದೋರ ತರ. ಅಣ್ಣ ಅಂತ ಕರ್ದ ನನ್ನ."

"ಇನ್ನೊಂದ್ಸಲ ಯೋಳು" ಎಂದಳು ಅವ್ವ. ಅವನು ಹೇಳಿದ. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಮತ್ತೂ ಒಮ್ಮೆ ಹೇಳಿಸಿದಳು.

ಆಮೇಲೆ ನಾನು ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಊರ ಕಡೆಯವರು ಯಾರಾದರೂ ಅವನ ಸನ್ನೆ ನೋಡಿ ಕೂಲಿಗೆ ಹೇಳಿದರೇ ಎಂದು ಕಾಡುಗೋಡಿಯಿಂದ ಕುಂದಲಹಳ್ಳಿಯವರೆಗೆ ವಿಚಾರಿಸಿದೆ. ಯಾರೂ ಹೌದೆನ್ನಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಅವನಿಗೆ ಮಾತು ಬರುವ ದಾರಿಯೇ ಇಲ್ಲ ಎಂದರು.

ಅವ್ವ ಸಾಯುವವರೆಗೂ ಒಂದು ಅಭ್ಯಾಸ ಇಟ್ಟುಕೊಂಡಿದ್ದಳು. ಸೀನ ಉಣ್ಣಲು ಕೂತಾಗ ಬೆನ್ನ ಹಿಂದೆ ಸದ್ದಿಲ್ಲದೆ ಹೋಗಿ ನಿಂತು, "ಮಗಾ" ಎಂದು ಮೆಲ್ಲಗೆ ಕರೆಯುತ್ತಿದ್ದಳು. ಅವನು ಒಮ್ಮೆಯೂ ತಿರುಗಲಿಲ್ಲ. ಅವನು ಆಡಿದ್ದೇ ನಿಜವಾದರೆ, ಗುರುತಿಲ್ಲದ ಮುದುಕನೊಬ್ಬನಿಗೆ ಕೊಟ್ಟ ಆ ದನಿಯನ್ನು ಹೆತ್ತವಳಿಗೇಕೆ ಕೊಡಲಿಲ್ಲ? ಆಡಿಲ್ಲವಾದರೆ, ಅವತ್ತು ನನಗೆ ದಾರಿ ಹೇಳಿದ್ದು ಯಾರು?