ಅಣ್ಣನ ಮಗ್ಗದ ಗುಂಡಿಯೂ ನನ್ನ ಸಿಮೆಂಟೂ

ಸೂರು ಸೋರುವುದು ಬೇರೆ, ನೆಲ ಒಸರುವುದು ಬೇರೆ. ಎರಡನ್ನೂ ಅನುಭವಿಸಿದವನಾಗಿ ಹೇಳುತ್ತಿದ್ದೇನೆ. ಸೂರು ಸೋರಿದರೆ ಕೆಳಗೊಂದು ಪಾತ್ರೆ ಇಡಬಹುದು, ತುಂಬಿದರೆ ಚೆಲ್ಲಬಹುದು. ಟಪ್ ಟಪ್ ಎನ್ನುವ ಸದ್ದಿಗೆ ಅಕ್ಕಪಕ್ಕದವರು ಬಂದು ಮರುಕಪಡುತ್ತಾರೆ, ಹೆಂಚು ಸರಿಮಾಡುವವನನ್ನು ಕಳಿಸಿಕೊಡುತ್ತಾರೆ. ನೆಲ ಒಸರಿದರೆ ಪಾತ್ರೆ ಎಲ್ಲಿಡುತ್ತೀರಿ? ಸದ್ದಿಲ್ಲದೆ ಬರುವ ನೀರಿಗೆ ಮರುಕಪಡುವವರೂ ಇಲ್ಲ. ನಮ್ಮ ಭಾಷೆಯಲ್ಲಿ ನೀರು ತೊಟ್ಟಿಕ್ಕುತ್ತದೆ, ಸೋರುತ್ತದೆ, ಜಿನುಗುತ್ತದೆ, ಒಸರುತ್ತದೆ, ಊರುತ್ತದೆ, ಉಕ್ಕುತ್ತದೆ. ಒಂದೊಂದಕ್ಕೂ ಬೇರೆ ಮುಖ. ಅದೇ ನೀರು ಬಾವಿಯಲ್ಲಿ ಊರಿದರೆ ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ. ಮನೆಯ ನಡುವೆ ಊರಿದರೆ ತಲೆಮೇಲೆ ಕೈ ಹೊತ್ತು ಕೂರುತ್ತೇವೆ.

ನಮ್ಮ ಮನೆಯಲ್ಲಿ ಅದು ಊರುತ್ತಿದ್ದದ್ದು ಅಣ್ಣನ ಮಗ್ಗದ ಗುಂಡಿಯಲ್ಲಿ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಆಗ, ಅಂದರೆ ಅರವತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಇನ್ನೂ ಹತ್ತಾರು ಮನೆಗಳಲ್ಲಿ ಗುಂಡಿ ಮಗ್ಗ ಇತ್ತು. ನಡುಮನೆಯಲ್ಲಿ ಸೊಂಟದಾಳದ ಗುಂಡಿ. ನೇಯುವವನು ಅದರ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಡಬೇಕು. ಕೆಳಗೆ ಕಾಲಲ್ಲಿ ಹಲಗೆ ತುಳಿಯುತ್ತ, ಮೇಲೆ ಕೈಯಲ್ಲಿ ಲಾಳಿ ಓಡಿಸುತ್ತ ಬೆಳಗಿನಿಂದ ಸಂಜೆವರೆಗೆ ಕೂತರೆ ಒಂದಿಷ್ಟು ಸೀರೆ ಬೆಳೆಯುತ್ತದೆ. ಹಾಗೆ ಅಣ್ಣ ಬೆಳೆಸಿದ ಸೀರೆಗಳಿಂದಲೇ ನಾನು ಓದಿ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದದ್ದು. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ಹೋದಮೇಲೆ ಅಪ್ಪನ ಜಾಗದಲ್ಲೂ ಅವನೇ ಕೂತಿದ್ದ, ಗುಂಡಿಯೂ ಅಪ್ಪನದೇ.

ನಾಲ್ಕು ವರ್ಷದಿಂದ ಆ ಗುಂಡಿಯ ತಳ ಒಣಗಿರಲಿಲ್ಲ. ಬೇಸಿಗೆಯಲ್ಲಿ ಹಸಿ, ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು. ಅಣ್ಣನ ಕಾಲ್ಬೆರಳ ಸಂದುಗಳು ಬೆಳ್ಳಗೆ ಬಿರಿದುಕೊಂಡು, ಪಾದ ಊದಿಕೊಂಡು, ಹಿಮ್ಮಡಿ ಒಡೆದು, ಅದನ್ನು ನೆಲಕ್ಕೆ ತಾಗಿಸದೆ ನಡೆಯುತ್ತಿದ್ದ. ಡಾಕ್ಟರು ಮುಲಾಮು ಕೊಟ್ಟು, "ಕಾಲು ಒಣಗಿರದಿದ್ದರೆ ನಾನು ಎಷ್ಟು ಮುಲಾಮು ಕೊಟ್ಟರೂ ಅಷ್ಟೇ" ಅಂದರು. ಆ ವರ್ಷ ಗೌರಿ ಹಬ್ಬ ಮುಗಿದ ಮೇಲೆ ಅಣ್ಣ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ ಹೇಳಿದ:

"ದೀಪಾವಳಿ ಆದ್ಮೇಲೆ ಹಿಂದಿನ ಬೀದಿ ಪವರ್‌ಲೂಮ್ ಶೆಡ್ಡಿಗೆ ಹೋಗ್ತೀನಿ. ಅಲ್ಲಿ ನಿಂತ್ಕೊಂಡು ಮಾಡೋ ಕೆಲಸ. ನೆಲ ಒಣಗಿರ್ತದೆ."

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಶೆಡ್ಡಿನ ಮುಂದೆ ಹಾದುಹೋಗುವಾಗಲೇ ಕಿವಿ ಮುಚ್ಚಿಕೊಳ್ಳುವ ಮನುಷ್ಯ ಇವನು. ತನ್ನ ಮಗ್ಗದಲ್ಲಿ ಬೇಕಾದಾಗ ಎದ್ದು, ಬೀಡಿ ಸೇದಿ, ಬಾಗಿಲಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿ ಮತ್ತೆ ಕೂರುವವನು ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವ ಕೂಲಿಯಾಗುವುದೇ? ನನಗೆ ತಡೆಯಲಾಗಲಿಲ್ಲ. "ಬೇಡ ಕಣಣ್ಣ! ಗುಂಡಿ ನಾನು ಒಣಗಿಸಿ ಕೊಡ್ತೀನಿ!" ಅಂದುಬಿಟ್ಟೆ.

ನಾನೊಬ್ಬ ವಿಜ್ಞಾನದ ಮೇಷ್ಟ್ರು ಎಂಬುದನ್ನು ಮರೆಯಬೇಡಿ. ಮರುದಿನವೇ ನನ್ನ ಬಳಿ ಒಂದು ಸಿದ್ಧಾಂತವಿತ್ತು. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಏಳನೇ ತರಗತಿಗೆ ಪ್ರತಿವರ್ಷ ಬೋಧಿಸುತ್ತಿದ್ದೆ. ಊರಿನ ಕೆರೆ ತುಂಬಿದೆ. ಕೆರೆಯ ನೀರು ಭೂಮಿಯೊಳಗಿಂದ ನಡೆದು ಬಂದು ನಮ್ಮ ಗುಂಡಿಯಲ್ಲಿ ತನ್ನ ಮಟ್ಟವನ್ನು ಕಂಡುಕೊಳ್ಳುತ್ತಿದೆ. ಸೀಮೆಸುಣ್ಣದಿಂದ ಗೆರೆ ಎಳೆದ ಒಂದು ಕೋಲನ್ನು ಕೆರೆಯಂಚಿನಲ್ಲೂ ಇನ್ನೊಂದನ್ನು ಗುಂಡಿಯಲ್ಲೂ ನೆಟ್ಟೆ. ಬೆಳಿಗ್ಗೆ ಸಂಜೆ ಎರಡನ್ನೂ ಓದಿ ಪುಸ್ತಕದಲ್ಲಿ ಬರೆದೆ. ಕೆರೆ ಇಳಿದರೂ ಗುಂಡಿ ಇಳಿಯಲಿಲ್ಲ. ಸಿದ್ಧಾಂತ ಸುಳ್ಳಾಯಿತು ಎಂದು ಬೇರೆ ಯಾರಾದರೂ ತಿಳಿದಾರು. ನಾನು ಅದಕ್ಕೊಂದು ಉಪಸಿದ್ಧಾಂತ ಸೇರಿಸಿದೆ: ಭೂಮಿಯೊಳಗೆ ನೀರು ನಿಧಾನವಾಗಿ ನಡೆಯುತ್ತದೆ, ಆದ್ದರಿಂದ ಈಗ ಬರುತ್ತಿರುವುದು ಹೋದ ತಿಂಗಳ ಕೆರೆ!

ಮೊದಲ ಪ್ರಯೋಗ ಡಾಂಬರಿನದು. ರಸ್ತೆ ಕೆಲಸದವರ ಹತ್ತಿರ ಒಂದು ಡಬ್ಬ ಕೇಳಿ ತಂದು, ಕಾಯಿಸಿ, ಗುಂಡಿಯ ಗೋಡೆಗೆಲ್ಲ ಬಳಿದೆ. ಹಸಿ ಮಣ್ಣಿಗೆ ಅದು ಅಂಟಲಿಲ್ಲ. ನನಗೆ ಚೆನ್ನಾಗಿ ಅಂಟಿತು. ಸೀಮೆಎಣ್ಣೆ ಹಾಕಿ ಉಜ್ಜಿಕೊಂಡು ಶಾಲೆಗೆ ಹೋದರೆ ಹೆಡ್‌ಮಾಸ್ಟರು ಮೂಗು ಮುಚ್ಚಿಕೊಂಡು ಕಿಟಕಿ ತೆರೆಸಿದರು. ವಾಸನೆ ಹೋಗುವವರೆಗೆ ಅಣ್ಣ ಮಗ್ಗದ ಮೇಲಿದ್ದ ರೇಷ್ಮೆಯ ಎಳೆಗಳಿಗೆ ಬಟ್ಟೆ ಮುಚ್ಚಿ, ಬೀದಿ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗ ಸಿಕ್ಕವನು ಮುನಿಶಾಮಪ್ಪ. ಕುಂದಾಣದ ಕಡೆಯವನು, ಗಾರೆ ಕೆಲಸದಲ್ಲಿ ಪಳಗಿದ ಮುದುಕ. ಗುಂಡಿಗಿಳಿದು, ಗೋಡೆಗೆ ಕಿವಿಯಿಟ್ಟು, ಮಣ್ಣನ್ನು ಮೂಸಿ ನೋಡಿ, "ಗಾರೆ ಹಾಕನ ಸ್ವಾಮಿ" ಅಂದ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆದು ಅರೆದು ಬೆಣ್ಣೆಯಂತೆ ಮಾಡಿದ. ಅತ್ತಿಗೆ ಹಬ್ಬಕ್ಕೆಂದು ತಂದಿದ್ದ ಬೆಲ್ಲವನ್ನೆಲ್ಲ ಆ ಗುಂಡಿಯೇ ತಿಂದಿತು. ಗಾರೆ ಬಲು ಚೆನ್ನಾಗಿ ಬಂತು. ಆದರೆ ಗಾರೆ ಗಟ್ಟಿಯಾಗಲು ಬಿಡುವು ಬೇಕು. ನೀರು ಬಿಡುವು ಕೊಡಲಿಲ್ಲ. ಒಂದು ಮೂಲೆ ಕುಸಿಯಿತು. ಬೆಲ್ಲದ ಸುದ್ದಿ ಹೇಗೋ ಬೀದಿಯ ಇರುವೆಗಳಿಗೆಲ್ಲ ತಲುಪಿತು. ಅಣ್ಣನ ನೆಂದ ಕಾಲಿಗೆ ಈಗ ಇರುವೆ ಕಡಿತವೂ ಸೇರಿತು.

ಉಳಿದದ್ದು ಸಿಮೆಂಟು. ಈಗಿನವರಿಗೆ ಅದರ ರೋಮಾಂಚನ ತಿಳಿಯದು. ಆಗ ಸಿಮೆಂಟು ಅಂಗಡಿಗೆ ಹೋಗಿ ದುಡ್ಡು ಕೊಟ್ಟರೆ ಸಿಗುತ್ತಿರಲಿಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಪರ್ಮಿಟ್ ಪಡೆಯಬೇಕು. ಗುಮಾಸ್ತರು ಒಳ್ಳೆಯವರು. ನನ್ನ ಅರ್ಜಿಯನ್ನು ಎರಡು ಸಲ ಓದಿ, "ಮೇಷ್ಟ್ರೇ, ಮನೆ ಕಟ್ಟೋಕಾ, ಬಾವಿ ಕಟ್ಟೋಕಾ?" ಅಂತ ಕೇಳಿದರು.

"ಗುಂಡಿ ಕಟ್ಟೋಕೆ ಸಾರ್."

"ನೀರು ನಿಲ್ಲೋ ಗುಂಡೀನಾ?"

"ನೀರು ನಿಲ್ಲಬಾರದ ಗುಂಡಿ ಸಾರ್."

ಅವರು ಪೆನ್ನನ್ನು ಕಿವಿಗೆ ಸಿಕ್ಕಿಸಿ ಬಹಳ ಹೊತ್ತು ಯೋಚಿಸಿದರು. ನೀರು ನಿಲ್ಲಬಾರದ ಗುಂಡಿಗೆ ಅವರ ನಿಯಮದಲ್ಲಿ ಕಲಮು ಇರಲಿಲ್ಲ. ಕೊನೆಗೆ "ಗೃಹ ಕೈಗಾರಿಕೆ" ಎಂದು ಬರೆದು ಸಂತೋಷದಿಂದ ಸಹಿಗೆ ಕಳಿಸಿದರು. ಎರಡು ಮೂಟೆ ಮಂಜೂರಾದ ದಿನ ನಾನು ಶಾಲೆಯಿಂದ ಮನೆಗೆ ಓಡಿಕೊಂಡು ಬಂದೆ. ಎತ್ತಿನ ಗಾಡಿಯಲ್ಲಿ ಮೂಟೆ ಬೀದಿಗೆ ಬಂದಾಗ ಜನ ಹೊರಗೆ ಬಂದು ನೋಡಿದರು. ನನ್ನ ಸಂಬಳದ ಒಂದು ಪಾಲು ಆ ಗಾಡಿಯಲ್ಲಿ ಬೂದಿ ಬಳಿದುಕೊಂಡು ಕೂತು ಬರುತ್ತಿತ್ತು. ಮುನಿಶಾಮಪ್ಪ ಸಿಮೆಂಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ಹಿಟ್ಟು ಚೆನ್ನಾಗೈತೆ" ಅಂದ.

ಮಗ್ಗ ಬಿಚ್ಚಿ, ಗುಂಡಿ ತೋಡಿ, ಕಲ್ಲು ಕೂರಿಸಿ, ಗಿಲಾವು ಮಾಡಿದೆವು. ಆಮೇಲೆ ಅದಕ್ಕೆ ಒಂದು ವಾರ ನೀರು ಹಾಕಬೇಕಂತೆ! ನಾಲ್ಕು ವರ್ಷ ನಾವು ನೀರು ಎತ್ತಿ ಹೊರಗೆಸೆದ ಗುಂಡಿಗೆ ನಾನೇ ಬಾವಿಯಿಂದ ಕೊಡಪಾನದಲ್ಲಿ ಹೊತ್ತು ತಂದು ನೀರು ತುಂಬಿದೆ. ಅಣ್ಣ ಜಗಲಿಯ ಮೇಲಿಂದ ಅದನ್ನು ನೋಡಿ ಮೊದಲ ಸಲ ನಕ್ಕ. ವಾರವಾದ ಮೇಲೆ ನೀರು ತೆಗೆದು ಒರೆಸಿದಾಗ ಗುಂಡಿ ಬೆಳಗಿಟ್ಟ ಬೋಗುಣಿಯಂತೆ ಹೊಳೆಯಿತು. ಬೀದಿಯ ಹೆಂಗಸರು ಬಂದು ತಳ ಮುಟ್ಟಿ ನೋಡಿ ಹೋದರು. ನಾನು ಶಾಲೆಯಲ್ಲಿ ಯಾವ ಪಾಠ ಶುರುಮಾಡಿದರೂ ಸಿಮೆಂಟಿಗೆ ಬಂದು ಮುಟ್ಟುತ್ತಿದ್ದೆ.

ಹತ್ತು ದಿನ. ಹನ್ನೊಂದನೆಯ ದಿನ ಬೆಳಿಗ್ಗೆ ಹಲಗೆ ಕಟ್ಟುವ ಗೂಟದ ಬುಡದಲ್ಲಿ, ಗಿಲಾವು ಬಿರುಕು ಬಿಟ್ಟ ಕಡೆ, ನೀರು ಮೆಲ್ಲನೆ ಬಂದು ತಳದಲ್ಲಿ ಹರಡಿಕೊಂಡಿತು.

ನಾನು ಗುಂಡಿಯ ಅಂಚಿನಲ್ಲಿ ಕೂತೆ. ದೀಪಾವಳಿಗೆ ಎಂಟು ದಿನವಿತ್ತು. ಮುನಿಶಾಮಪ್ಪ ಬಂದು ನೋಡಿ, ತಲೆಯ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡು ಹೇಳಿದ: "ಸ್ವಾಮಿ, ನಮ್ಮೂರ ಕಡೆ ರಾಗಿಗೆ ಹಗೇವು ತೋಡ್ತೀವಿ. ಆಳದ ಗುಂಡಿ. ವರ್ಷಗಟ್ಲೆ ರಾಗಿ ಒಳಗಿದ್ರೂ ಒಂದು ಕಾಳು ನೆನೆಯಲ್ಲ. ಸಿಮೆಂಟಿಲ್ಲ, ಏನಿಲ್ಲ. ತೋಡೋಕೆ ಮುಂಚೆ ನೀರು ಯಾವ ಕಡೆಯಿಂದ ಬತ್ತದೆ ಅಂತ ನೋಡ್ತೀವಿ. ನಾವಿಲ್ಲಿ ಅದೊಂದ್ನೇ ಮಾಡ್ನಿಲ್ಲ."

"ಕೆರೆಯಿಂದ ಬರುತ್ತೆ" ಅಂದೆ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಅತ್ತಿಗೆ ಅಷ್ಟುಹೊತ್ತೂ ಬಾಗಿಲಲ್ಲಿ ನಿಂತಿದ್ದವರು ಬಂದು ಬಗ್ಗಿ, ನೀರಿಗೆ ಬೆರಳಿಟ್ಟು, ಮೂಗಿನ ಹತ್ತಿರ ಹಿಡಿದು ನೋಡಿ, ನನ್ನ ಕಡೆ ತಿರುಗಿದರು. "ಸೀನಪ್ಪ, ನಿನ್ನ ಕೆರೇಲಿ ಯಾರಾದ್ರೂ ಸೀಗೆಪುಡಿ ಹಚ್ಕೊಂಡು ಸ್ನಾನ ಮಾಡ್ತಾರಾ?"

ನಾನು ಎದ್ದುನಿಂತೆ. ನಡುಮನೆಯ ಗೋಡೆಯ ಆಚೆ ಇರುವುದು ನಮ್ಮ ಬಚ್ಚಲು.

ಅತ್ತಿಗೆ ಒಳಗೆ ಹೋಗಿ, ನೂಲಿಗೆ ಬಣ್ಣ ಹಾಕಿ ಮಿಕ್ಕಿದ್ದ ಕೆಂಪು ಪುಡಿಯ ಪೊಟ್ಟಣ ತಂದರು. ಇದನ್ನು ನಾನು ಯೋಚಿಸಬೇಕಿತ್ತು. ಪ್ರಯೋಗ ಎಂಬ ಶಬ್ದವನ್ನು ದಿನಕ್ಕೆ ಹತ್ತು ಸಲ ಹೇಳಿ ಸಂಬಳ ಪಡೆಯುವವನು ನಾನು! ಹಂಡೆಯ ನೀರಿಗೆ ಬಣ್ಣ ಕದಡಿ, ಅತ್ತಿಗೆ ಬಚ್ಚಲಲ್ಲಿ ಚೊಂಬು ಚೊಂಬಾಗಿ ಸುರಿದರು. ನಾನೂ ಮುನಿಶಾಮಪ್ಪನೂ ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತು ಬಿರುಕನ್ನೇ ನೋಡುತ್ತಿದ್ದೆವು. ಸುದ್ದಿ ಹಬ್ಬಿ ನಡುಮನೆ ತುಂಬ ಜನ. ಒಂದು ಹಂಡೆ ಮುಗಿಯಿತು. ಏನೂ ಇಲ್ಲ. ಎರಡನೆಯ ಹಂಡೆ ಅರ್ಧವಾಗಿರಬೇಕು, ಗೂಟದ ಬುಡದಲ್ಲಿ ದಾಸವಾಳದ ಎಸಳಿನಷ್ಟು ಕೆಂಪು ಕಾಣಿಸಿತು. ಇನ್ನಷ್ಟು. ಆಮೇಲೆ ಗೆರೆಯಾಗಿ ಇಳಿಯತೊಡಗಿತು.

"ಬಂತು! ಬಂತು!" ಎಂದು ನಾನು ಕೂಗಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತಂತೆ. ಜನ ಹೋ ಎಂದರು. ನಾನು ಮುನಿಶಾಮಪ್ಪನನ್ನು ತಬ್ಬಿಕೊಂಡೆ. ಮನೆಯ ನಡುವೆ ಬಚ್ಚಲ ನೀರು ಹರಿದದ್ದಕ್ಕೆ ಇಷ್ಟು ಕುಣಿದವರು ಬೇರೆ ಯಾರೂ ಇರಲಾರರು.

ಬಚ್ಚಲ ಕಲ್ಲು ಎಬ್ಬಿಸಿದರೆ ಕೆಳಗೆ ಹೆಗ್ಗಣದ ಬಿಲ. ನೀರು ಮೋರಿಗೆ ಹೋಗುವ ಬದಲು ಬಿಲಕ್ಕಿಳಿದು, ಗೋಡೆಯಡಿ ನುಸುಳಿ ನೇರವಾಗಿ ಗುಂಡಿಗೆ ಬರುತ್ತಿತ್ತು. ಬಿಲ ಮುಚ್ಚಿ, ಮಿಕ್ಕಿದ್ದ ಅರ್ಧ ಮೂಟೆ ಸಿಮೆಂಟಿನಲ್ಲಿ ಬಚ್ಚಲಿನ ಇಳಿಜಾರು ಸರಿಮಾಡಿ, ನೀರನ್ನು ಹಿತ್ತಲ ಬಾಳೆಗಿಡಕ್ಕೆ ತಿರುಗಿಸಲು ಮುನಿಶಾಮಪ್ಪನಿಗೆ ಹಿಡಿದದ್ದು ಒಂದೇ ಮಧ್ಯಾಹ್ನ. ಗುಂಡಿಯೊಳಗೆ ಮಾಡಿದ ಕೆಲಸವೆಲ್ಲ ಅಲಂಕಾರಕ್ಕೆ ಉಳಿಯಿತು.

ಆ ಸಂಭ್ರಮ ಇಳಿದಾಗ ನನಗೆ ಒಂದು ಲೆಕ್ಕ ಹೊಳೆಯಿತು. ಆ ಬಚ್ಚಲು ಕಟ್ಟಿ ನಾಲ್ಕು ವರ್ಷ. ಅದಕ್ಕೆ ಮುಂಚೆ ನಮ್ಮ ಮನೆಯ ಗಂಡಸರೆಲ್ಲ ಬಾವಿಕಟ್ಟೆಯಲ್ಲೇ ನೀರು ಹುಯ್ದುಕೊಳ್ಳುತ್ತಿದ್ದೆವು. ನನಗೆ ಕೆಲಸ ಸಿಕ್ಕಿದ ತಿಂಗಳು ಅಣ್ಣ, "ಮೇಷ್ಟ್ರಾದೋನು ಬೀದೀಲಿ ನಿಂತು ಸ್ನಾನ ಮಾಡಿದ್ರೆ ಚೆನ್ನಾಗಿರಲ್ಲ" ಎಂದು ಒಳಗೇ ಬಚ್ಚಲು ಕಟ್ಟಿಸಿ ಹಂಡೆ ಹೂಡಿಸಿದ. ಅಲ್ಲಿ ಸ್ನಾನ ಮಾಡುತ್ತಿದ್ದವನು ಮುಖ್ಯವಾಗಿ ನಾನೇ; ಅಣ್ಣ ಕೊನೆಯವರೆಗೂ ಬಾವಿಕಟ್ಟೆ ಬಿಡಲಿಲ್ಲ. ನಾನು ಬಿಸಿನೀರನ್ನು ಹಾಡಿಕೊಂಡು, ಧಾರಾಳವಾಗಿ, ತಲೆಯ ಮೇಲೆ ಸುರಿದುಕೊಂಡು ಶಾಲೆಗೆ ಹೋಗುತ್ತಿದ್ದೆ. ಅದೇ ನೀರಿನಲ್ಲಿ ಕಾಲಿಟ್ಟುಕೊಂಡು ಅಣ್ಣ ದಿನವಿಡೀ ನೇಯುತ್ತಿದ್ದ.

ಮಗ್ಗವನ್ನು ಮತ್ತೆ ಹೂಡುತ್ತಿದ್ದ ಅವನ ಪಕ್ಕದಲ್ಲಿ ಹೋಗಿ ಕೂತೆ.

"ಅಣ್ಣ, ನಿಂಗೆ ಗೊತ್ತಿತ್ತಾ?"

ಅವನು ಹಗ್ಗ ಬಿಗಿಯುತ್ತ, ನನ್ನ ಕಡೆ ನೋಡದೆ, "ಪೂರ್ತಿ ಗೊತ್ತಿರ್ಲಿಲ್ಲ" ಅಂದ. ಇನ್ನೊಂದು ಸುತ್ತು ಹಾಕಿ, "ಬೆಳಿಗ್ಗೆ ನೀನು ಶಾಲೆಗೆ ಹೋದ್ಮೇಲೆ ಬರೋ ನೀರು ಒಂಚೂರು ಬೆಚ್ಚಗಿರ್ತಿತ್ತು. ಚಳೀಲಿ ಹಿತವಾಗಿರ್ತಿತ್ತು ಕಣೋ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮತ್ತೆ ಬಾವಿಕಟ್ಟೆಗೆ ಹೋಗ್ತಿದ್ದೆ." ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದ. "ಇಸ್ತ್ರಿ ಬಟ್ಟೆ ಹಾಕ್ಕೊಂಡು, ತಲೆ ಬಾಚ್ಕೊಂಡು, ನೀನು ಈ ಬಾಗಿಲು ದಾಟಿ ಹೋಗೋದನ್ನ ನೋಡಕ್ಕೆ ಚೆನ್ನಾಗಿರ್ತಿತ್ತು. ಬುಡು ಅತ್ಲಾಗೆ. ಆ ಲಾಳಿ ಇತ್ಲಾಗೆ ಕೊಡು."

ಕೊಟ್ಟೆ. ಅವನು ಒಣಗಿದ ಗುಂಡಿಗೆ ಕಾಲಿಳಿಬಿಟ್ಟು, ಬೆರಳುಗಳನ್ನು ಅಗಲಿಸಿ ಸಿಮೆಂಟಿನ ಮೇಲೆ ಒಂದು ಗಳಿಗೆ ಊರಿ, ಹಲಗೆ ತುಳಿದ. ದೀಪಾವಳಿ ಬಂದು ಹೋಯಿತು, ಶೆಡ್ಡಿನ ಮಾತು ಮತ್ತೆ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವನ ಕಾಲಿನ ಬಿರುಕುಗಳು ಕೂಡಿಕೊಂಡು, ಹಿಮ್ಮಡಿ ನೆಲಕ್ಕೆ ತಾಗಿಸಿ ನಡೆಯತೊಡಗಿದ.

ಆ ಗುಂಡಿ ಒಣಗಿಸಲು ಎಷ್ಟು ಖರ್ಚಾಯಿತು ಎಂದು ಬೀದಿಯವರು ಬಹಳ ದಿನ ಕೇಳುತ್ತಿದ್ದರು. ನಾನು ಎರಡು ಮೂಟೆ ಸಿಮೆಂಟಿನ ಬೆಲೆ ಹೇಳಿ ಸುಮ್ಮನಾಗುತ್ತಿದ್ದೆ. ನಾನು ಕೊಟ್ಟದ್ದು ಅಷ್ಟೇ.