ಜೀನ್ ಮ್ಯೂರ್‌ಸೈಡಳ ಇನಿಷಿಯಲ್ಲು

ಟೊಕ್... ಟೊಕ್... ಟೊಕ್... ಸ್ವೀಡನ್ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಈ ಸದ್ದು. ಗೋಥೆನ್‌ಬರ್ಗ್‌ನಲ್ಲಿ ರಸ್ತೆ ದಾಟುವ ಕಡೆಯಲ್ಲೆಲ್ಲ ಒಂದು ಕಂಬ, ಅದರೊಳಗಿಂದ ಯಾರೋ ಮರದ ಸೌಟಿನಿಂದ ಪಾತ್ರೆಯನ್ನು ತಟ್ಟಿದಂಥ ಸದ್ದು. ನಿಧಾನವಾಗಿದ್ದರೆ ನಿಲ್ಲಬೇಕು, ಟಕಟಕಟಕ ಎಂದು ಓಡತೊಡಗಿದರೆ ನಾವೂ ದಾಟಬೇಕು. ಕಣ್ಣು ಕಾಣದವರಿಗೆಂದು ಮಾಡಿದ್ದಂತೆ. ನನಗೋ ಎರಡು ಕಣ್ಣಿದ್ದೂ ಆ ಎರಡು ವಾರ ಯಾವಾಗ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದು ತಲೆಗೆ ಹತ್ತಲೇ ಇಲ್ಲ. ಸದ್ದು ಜೋರಾದ ಕೂಡಲೇ ಗಾಬರಿಯಾಗಿ ನಿಂತುಬಿಡುತ್ತಿದ್ದೆ. "ದೊಡ್ಡಮ್ಮಾ, ಈಗ್ಲೇ ಹೋಗ್ಬೇಕು! ನಿಂತ್ಕೋಬೇಕಾದಾಗ ಹೋಗ್ತೀರ, ಹೋಗ್ಬೇಕಾದಾಗ ನಿಂತ್ಕೋತೀರ," ಎಂದು ಶೈಲಾ ತೋಳು ಹಿಡಿದು ಎಳೆಯುತ್ತಿದ್ದಳು.

ಶೈಲಾ ನನ್ನ ತಂಗಿಯ ಮಗಳು. ಅಲ್ಲಿನ ಒಂದು ಕಾರ್ ಕಂಪನಿಯಲ್ಲಿ ಇಂಜಿನಿಯರ್. 2006ರ ಮೇ ತಿಂಗಳಲ್ಲಿ ನಾನು ಅವಳ ಮನೆಗೆ ಹೋದದ್ದು ಹೊರಗಿನವರಿಗೆ ಹೇಳಿದಂತೆ ಹಾಲಿಡೇಗಾಗಿ. ನಿಜವಾಗಿ ಹೋದದ್ದು ನನ್ನ ಹ್ಯಾಂಡ್‌ಬ್ಯಾಗಿನಲ್ಲಿದ್ದ ಒಂದು ಹಳೆಯ ಕಾಗದಕ್ಕಾಗಿ. ಅದು ಜೀನಳದು.

ಜೀನ್ ಮ್ಯೂರ್‌ಸೈಡ್ ನನಗೆ ನಾಲ್ಕನೆಯ ಕ್ಲಾಸಿನಿಂದ ಗೆಳತಿ. ಬೆಂಗಳೂರು ದಂಡಿನ ಒಂದು ಕಾನ್ವೆಂಟಿನಲ್ಲಿ ಒಂದೇ ಬೆಂಚು. ಅವಳ ತಾತ ಸ್ಕಾಟ್‌ಲೆಂಡಿನ ಒಂದು ರೈತರ ಮನೆಯಿಂದ ಬಂದು ಬೆಂಗಳೂರಿನ ಹೊರಗೆ ಡೈರಿ ಫಾರ್ಮ್ ನೋಡಿಕೊಂಡವರು. ಸ್ವಾತಂತ್ರ್ಯ ಬಂದಮೇಲೆ ದಂಡಿನ ಮಿಕ್ಕ ಬಿಳಿಯರೆಲ್ಲ ಆಸ್ಟ್ರೇಲಿಯಾ, ಕೆನಡಾ ಎಂದು ಹೊರಟಾಗ ಇವಳ ಅಪ್ಪ ಹೊರಡಲಿಲ್ಲ, ಇವಳೂ ಹೊರಡಲಿಲ್ಲ, ಮದುವೆಯೂ ಆಗಲಿಲ್ಲ. ನನ್ನನ್ನು ಅವಳು ಕರೆಯುತ್ತಿದ್ದದ್ದು 'ಹೆಗ್ಗಿ' ಎಂದು. ಅದಕ್ಕೊಂದು ಕಥೆ ಇದೆ. ನನ್ನ ಹೆಸರು ಎಚ್. ಎಸ್. ವಿಮಲಾ: ಎಚ್ ಎಂದರೆ ನಮ್ಮ ಊರು ಹೆಗ್ಗೆರೆ, ಎಸ್ ಎಂದರೆ ಅಪ್ಪ ಶ್ರೀನಿವಾಸಯ್ಯ. ಸೇರಿಸಲು ಹೋದ ದಿನ ಸಿಸ್ಟರ್ "ಸರ್‌ನೇಮ್?" ಎಂದು ಕೇಳಿದ್ದಾರೆ. ನಮ್ಮಪ್ಪನಿಗೆ ಅದೇನೆಂದು ತಿಳಿಯದೆ, ಇನಿಷಿಯಲ್ ಬಿಡಿಸಲು ಹೇಳುತ್ತಿದ್ದಾರೆ ಎಂದುಕೊಂಡು "ಹೆಗ್ಗೆರೆ" ಎಂದಿದ್ದಾರೆ. ಅಲ್ಲಿಂದ ಹತ್ತು ವರ್ಷ ನಾನು ಮಿಸ್ ಹೆಗ್ಗೆರೆ. ಜೀನಳ ಬಾಯಲ್ಲಿ ಅದು ಹೆಗ್ಗಿಯಾಯಿತು. ಮೊದಲ ಸಲ ಅವರ ಮನೆಗೆ ಹೋದಾಗ ಅವಳ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಹೆಗ್ಗಿ? ನಮ್ಮ ಕಡೆಯ ಹೆಸರಾಯ್ತಲ್ಲ! ನಿನ್ನ ಜನ ಫೈಫ್‌ನವರೇನು, ಮಗೂ?" ಎಂದು ಕೇಳಿದ್ದರು. ಎಣ್ಣೆ ಹಚ್ಚಿದ ಎರಡು ಜಡೆ, ಹಣೆಯಲ್ಲಿ ಕುಂಕುಮ ಇಟ್ಟುಕೊಂಡ ನನ್ನನ್ನು ನೋಡಿ ಸ್ಕಾಟ್‌ಲೆಂಡಿನ ಆ ಜಿಲ್ಲೆಯವಳೇ ಎಂದು ಕೇಳಿದ್ದು ನೆನೆದು ಜೀನ್ ಅರವತ್ತು ವರ್ಷ ನಕ್ಕಳು.

ಅವತ್ತು ಅಜ್ಜಿ ರಾಗಿಹಿಟ್ಟಿನ ದಪ್ಪನೆಯ ಬಿಲ್ಲೆಯನ್ನು ಕಾವಲಿಯ ಮೇಲೆ ಬೇಯಿಸಿ, ನಾಲ್ಕು ಭಾಗ ಮಾಡಿ ಬೆಣ್ಣೆ ಸವರಿ ಕೊಟ್ಟರು. ಬ್ಯಾನಕ್ ಎಂದು ಅದರ ಹೆಸರು. ಅಡಿಗೆಯ ಮುನಿಯಮ್ಮ 'ಬ್ಯಾನಕ್ ರೊಟ್ಟಿ' ಎನ್ನುತ್ತಿದ್ದಳು. ಬಾಯಿ ತುಂಬಿಕೊಂಡು ನಾನು "ಥ್ಯಾಂಕ್ ಯೂ" ಎನ್ನಹೋದಾಗ ಜೀನ್ ಮೇಜಿನ ಕೆಳಗೆ ಒದ್ದಳು. ತುತ್ತು ಬಾಯಲ್ಲಿರುವಾಗ ಮಾತಾಡಕೂಡದು, ಯಾರಾದರೂ ಏನಾದರೂ ಕೇಳಿದರೆ ಒಂದು ಬೆರಳೆತ್ತಿ, ನುಂಗಿ, ಆಮೇಲೆ ಉತ್ತರ ಹೇಳಬೇಕು. ಅದು ಕಾನ್ವೆಂಟಿನ ಊಟದ ಹಾಲಿನ ಕಾನೂನು. ನಾವಿಬ್ಬರೂ ಮುದುಕಿಯರಾದರೂ ಅದನ್ನು ಮೀರಲಿಲ್ಲ.

ಶೈಲಾ ಸ್ವೀಡನ್ನಿಗೆ ಕರೆಯುತ್ತಿದ್ದಾಳೆ, ಹೋಗಲೋ ಬೇಡವೋ ಎಂದು ನಾನು ಹೇಳಿದಾಗ ಜೀನ್ ಟ್ರಂಕಿನಿಂದ ಕಾಗದ ತೆಗೆದಳು. ಅವಳ ತಾತನಿಗೆ ಸ್ವೀಡನ್ನಿನಿಂದ ಬಂದದ್ದು. ತಾತನ ಚಿಕ್ಕಪ್ಪ ರಾಬರ್ಟ್, ಹೊಲದ ನೀರು ಬಸಿಯುವ ಕಾಲುವೆ ತೋಡಿಸುವುದು, ಹೊಸ ನೇಗಿಲು ಹೂಡುವುದು ಇಂಥದ್ದನ್ನು ಕಲಿಸಲು ಅಲ್ಲಿಗೆ ಹೋಗಿ ಅಲ್ಲೇ ನಿಂತುಬಿಟ್ಟವನಂತೆ. ಕೆಳಗೆ ಬರೀ 'ರಾಬರ್ಟ್' ಎಂದು ಸಹಿ, ಮೇಲೆ ಒಂದು ಹಳ್ಳಿಯ ಹೆಸರು.

"ಹೆಗ್ಗಿ, ಡಾಕ್ಟರ್ ನನ್ನ ಹಾರ್ಟ್ ನೋಡಿ ಮುಖ ಒಂಥರಾ ಮಾಡ್ತಾರೆ. ಮಮ್ಮಿ ಡ್ಯಾಡಿ ಪಕ್ಕದಲ್ಲಿ ನನ್ನ ಜಾಗ ರೆಡಿ ಇದೆ. ಕಲ್ಲು ಕೆತ್ತೋವ್ನಿಗೆ 'ಲಾಸ್ಟ್ ಆಫ್ ದ ಮ್ಯೂರ್‌ಸೈಡ್ಸ್' ಅಂತ ಹೇಳ್ಲಾ, ಬೇಡ್ವಾ? ಅಲ್ಲಿ ಯಾರಾದ್ರೂ ಇದ್ರೆ ಸುಳ್ಳು ಹೇಳ್ದಂಗಾಗತ್ತೆ. ಗ್ರೇವ್ ಮೇಲೆ ಸುಳ್ಳು ಹೇಳ್ಬಾರ್ದಲ್ವಾ?" ಎಂದಳು. ತಮಾಷೆಯ ದನಿಯೇ, ಆದರೆ ಕಾಗದ ಹಿಡಿದ ಕೈ ಬಿಡುತ್ತಿರಲಿಲ್ಲ. ನಾನೇ ಮೆಲ್ಲಗೆ ಎಳೆದುಕೊಳ್ಳಬೇಕಾಯಿತು.

ಗೋಥೆನ್‌ಬರ್ಗ್‌ಗೆ ಹೋದ ಮೂರನೆಯ ದಿನ ಶೈಲಾ ಕಂಪ್ಯೂಟರಿನಲ್ಲಿ ಟೆಲಿಫೋನ್ ಡೈರೆಕ್ಟರಿ ತೆರೆದಳು. ಮ್ಯೂರ್‌ಸೈಡ್ ಯಾರೂ ಇಲ್ಲ. ಆದರೆ ದಕ್ಷಿಣದಲ್ಲಿ, ಕಾಗದದ ಮೇಲಿದ್ದ ಅದೇ ಹಳ್ಳಿಯಲ್ಲಿ, 'ಮುರ್ಸಿಡ್' ಎನ್ನುವ ಒಂದೇ ಒಂದು ಹೆಸರು! ಆರ್ನೆ ಮುರ್ಸಿಡ್. ಫೋನ್ ಮಾಡಿದರೆ ಮುದುಕನ ದನಿ. ಹೌದು, ಇದು ಸ್ಕಾಟ್‌ಲೆಂಡಿನವನ ಮನೆಯೇ, ಬನ್ನಿ, ಎಂದನಂತೆ. ನಾನು ಆ ಕ್ಷಣವೇ ಜೀನಳಿಗೆ ಫೋನ್ ಮಾಡುವವಳಿದ್ದೆ. "ನೋಡ್ಕೊಂಡು ಬಂದ್ಮೇಲೆ ಮಾಡೋಣ, ದೊಡ್ಡಮ್ಮ," ಎಂದು ಶೈಲಾ ತಡೆದಳು. ತಡೆದದ್ದು ಒಳ್ಳೆಯದಾಯಿತು.

ಶುಕ್ರವಾರ ಶೈಲಾ ರಜೆ ಹಾಕಿದಳು. ಲುಂಡ್‌ಗೆ ರೈಲಿನಲ್ಲಿ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಟಿಕೆಟ್ಟು ಒಬ್ಬರಿಗೆ ಸುಮಾರು ಮುನ್ನೂರು ಕ್ರೋನರ್. ರೂಪಾಯಿಗೆ ತಿರುಗಿಸಬೇಡಿ ಎಂದು ಅವಳು ಮೊದಲೇ ಎಚ್ಚರಿಸಿದ್ದರಿಂದ ತಿರುಗಿಸಲಿಲ್ಲ. ಡಬ್ಬಿಯಲ್ಲಿ ಪುಳಿಯೋಗರೆ ಇತ್ತು. ಹೊರಗೆ ಮೈಲಿಗಟ್ಟಲೆ ಹಳದಿ ಹೂವಿನ ಹೊಲ. ಸಾಸಿವೆ ಎಂದೆ ನಾನು. ಅಲ್ಲ, ಅದರದೇ ಜಾತಿಯ ಇನ್ನೊಂದು ಎಣ್ಣೆಕಾಳು ಎಂದಳು ಅವಳು. ನೋಡಿದ್ದೆಲ್ಲ ಇನ್ನೊಂದಾಗುವ ಪ್ರಯಾಣ ಅಲ್ಲಿಂದಲೇ ಶುರುವಾಯಿತೆನ್ನಬೇಕು.

ಲುಂಡ್‌ನಲ್ಲಿ ಸೈಕಲ್ಲುಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆದು ಹಳೆಯ ಚರ್ಚ್ ದಾಖಲೆಗಳಿರುವ ಆರ್ಕೈವ್ಸ್‌ಗೆ ಹೋದೆವು. ಅಲ್ಲಿದ್ದ ಹೆಂಗಸು ಬಹಳ ಒಳ್ಳೆಯವಳು. ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ, "ನಾವು ಹುಡುಕುತ್ತಿರುವ ಮನೆತನದ ಸರ್‌ನೇಮ್ ಮ್ಯೂರ್‌ಸೈಡ್," ಎಂದು ಶುರುಮಾಡಿದೆ. ಅವಳು ಕೈ ಅಡ್ಡ ಮಾಡಿ, "ಸರ್‌ನೇಮ್ ಆಮೇಲೆ. ಮೊದಲು ಗೋರ್ಡ್ ಯಾವುದು ಹೇಳಿ," ಎಂದಳು.

"ಗೋರ್ಡ್ ಅಂದ್ರೆ ಫಾರ್ಮು, ದೊಡ್ಡಮ್ಮ. ಹೊಲ-ಮನೆ ಎಲ್ಲಾ ಸೇರಿ," ಎಂದಳು ಶೈಲಾ.

ನನಗೆ ನಗು ಬಂತು. ನಮ್ಮ ಅಜ್ಜಿ ಬಾಗಿಲಿಗೆ ಬಂದವರನ್ನು ಹೆಸರು ಕೇಳುವ ಮೊದಲು "ಯಾವೂರಾಯ್ತಪ್ಪ?" ಎಂದು ಕೇಳುತ್ತಿದ್ದದ್ದು ಹೀಗೆಯೇ. ಅಲ್ಲಿ ಪಾದ್ರಿಗಳು ವರ್ಷ ವರ್ಷ ಮನೆಮನೆಗೆ ಹೋಗಿ ಬರೆದಿಟ್ಟ ಪುಸ್ತಕಗಳಲ್ಲಿ ಮೇಲೆ ಗೋರ್ಡಿನ ಹೆಸರು, ಕೆಳಗೆ ಅಲ್ಲಿ ವಾಸವಿದ್ದ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು, ಎಲ್ಲರೂ ಒಂದೇ ಪಟ್ಟಿಯಲ್ಲಿ. ನಮಗೆ ಗೊತ್ತಿದ್ದದ್ದು ಕಾಗದದ ಮೇಲಿನ ಹಳ್ಳಿಯ ಹೆಸರು ಮಾತ್ರ, ಅದನ್ನೇ ಹೇಳಿದೆವು. ಅವಳು ಆ ಹಳ್ಳಿಯ ಫಿಲ್ಮಿನ ಹಾಳೆಯನ್ನು ಯಂತ್ರಕ್ಕೆ ಹಾಕಿ ಬೆರಳಿಟ್ಟು ತೋರಿಸಿದಳು. ಪುಟದ ತಲೆಯ ಮೇಲೆ: ಮುರ್ಸಿಡ್. ಅದರ ಕೆಳಗೆ: ರಾಬರ್ಟ್ ಡಫ್. ಹುಟ್ಟಿದ ಊರಿನ ಕಾಲಮ್ಮಿನಲ್ಲಿ: ಮ್ಯೂರ್‌ಸೈಡ್, ಸ್ಕಾಟ್‌ಲೆಂಡ್.

"ಡಫ್ ಯಾರು?" ಎಂದೆ.

"ಇವನೇ ರಾಬರ್ಟ್."

"ಮತ್ತೆ ಮ್ಯೂರ್‌ಸೈಡ್ ಯಾರು?"

"ಯಾರೂ ಅಲ್ಲ. ಅದು ಅವನು ಬಿಟ್ಟುಬಂದ ಗೋರ್ಡ್. ಅದೇ ಹೆಸರನ್ನು ಇಲ್ಲಿನದಕ್ಕೂ ಇಟ್ಟಿದ್ದಾನೆ."

ಅವನ ಮಗನ ಹೆಸರಾದರೂ ಡಫ್ ಎಂದಿದೆಯೇ ಎಂದು ನೋಡಿದರೆ ಅದೂ ಇಲ್ಲ: ಯೋಹಾನ್ ರಾಬರ್ಟ್‌ಸನ್. ಆ ಕಾಲದಲ್ಲಿ ರಾಬರ್ಟನ ಮಗ ರಾಬರ್ಟ್‌ಸನ್, ಯೋಹಾನನ ಮಗ ಯೋಹಾನ್ಸನ್, ಅಷ್ಟೆ. ಪಾದ್ರಿಯೂ ಹಳ್ಳಿಯ ಪದ್ಧತಿಯಂತೆ ಹಾಗೇ ಬರೆದಿದ್ದಾನೆ. "ನಮ್ಮ 'ಎಸ್' ಇದ್ದಂಗೆ ಕಣೆ!" ಎಂದೆ ಶೈಲಾಗೆ. "ಅಪ್ಪನ ಹೆಸರು. ಮತ್ತೆ ಮ್ಯೂರ್‌ಸೈಡ್ ಅನ್ನೋದು 'ಎಚ್'. ಜೀನ್ ಎಪ್ಪತ್ತು ವರ್ಷದಿಂದ ಊರಿನ ಇನಿಷಿಯಲ್ ಹಾಕ್ಕೊಂಡು ಓಡಾಡ್ತಿದಾಳೆ!" ಅವಳ ತಾತ ಬೆಂಗಳೂರಿಗೆ ಬಂದಾಗ ಯಾವನೋ ಗುಮಾಸ್ತ ಹೆಸರು ಕೇಳಿರಬೇಕು, ಅವರು ಮ್ಯೂರ್‌ಸೈಡಿನ ಜಾನ್ ಎಂದಿರಬೇಕು. ನಮ್ಮಪ್ಪ ಸಿಸ್ಟರ್ ಮುಂದೆ ಹೇಳಿದ ಹಾಗೆ. ಇದು ನನ್ನ ಊಹೆ. ಖಚಿತವಾಗಿ ಹೇಳುವವರು ಯಾರೂ ಉಳಿದಿಲ್ಲ.

ನಕ್ಕದ್ದು ಅಲ್ಲಿಗೇ ನಿಂತಿತು. ಸಂಜೆ ಹೋಟೆಲಿನಲ್ಲಿ ಕುಳಿತಾಗ ಕಲ್ಲು ನೆನಪಾಯಿತು. ಅವಳ ಅಪ್ಪ-ಅಮ್ಮನ ಕಲ್ಲಿನ ಮೇಲೆ ಕೆತ್ತಿರುವುದು ಮ್ಯೂರ್‌ಸೈಡ್. ಇದನ್ನು ಅವಳಿಗೆ ಹೇಗೆ ಹೇಳುವುದು?

ಮರುದಿನ ಬಸ್ಸಿನಲ್ಲಿ ನಲವತ್ತು ನಿಮಿಷ. ಬಿಸಿಲಿದ್ದೂ ಗಾಳಿ ಸ್ವೆಟರಿನೊಳಗೆ ನುಗ್ಗುತ್ತಿತ್ತು. ಆರ್ನೆ ಮುರ್ಸಿಡ್ ಬಸ್ ಸ್ಟಾಪಿಗೇ ಬಂದಿದ್ದ. ಎಂಬತ್ತರ ಹತ್ತಿರದ, ಕೆಂಪು ಕಿವಿಯ ಮನುಷ್ಯ. ಅವನ ಮಾತಿನ ಧಾಟಿ ಶೈಲಾಗೇ ಅರ್ಧ ತಿಳಿಯದು. ಏಳು ವರ್ಷ ಕಲಿತ ಸ್ವೀಡಿಷ್ ಈ ಕಡೆ ನಡೆಯಲ್ಲ, ದೊಡ್ಡಮ್ಮ, ಎಂದು ಕಿವಿಯಲ್ಲಿ ಹೇಳಿದಳು. ನಾನು ಜೀನಳ ಫೋಟೋ ಕೊಟ್ಟೆ. ಅವನು ಬಹಳ ಹೊತ್ತು ನೋಡಿ, ಒಳ್ಳೆಯ ಮುಖ, ಆದರೆ ನಮ್ಮದಲ್ಲ, ಎಂದ.

ಅವನ ಅಪ್ಪ ಆ ಹೊಲದಲ್ಲಿ ಆಳಾಗಿದ್ದವನು. ಅವನೂ ಒಬ್ಬ ಆಂಡರ್ಸನ್; ಸೈನ್ಯಕ್ಕೆ ಸೇರಿದಾಗ ಅಲ್ಲಿ ಆಂಡರ್ಸನ್ನರೇ ತುಂಬಿದ್ದರಂತೆ. ಬೇರೆ ಹೆಸರು ಹುಡುಕಿಕೋ ಎಂದರಂತೆ. ದುಡಿಯುತ್ತಿದ್ದ ಹೊಲದ ಹೆಸರನ್ನೇ ಇಟ್ಟುಕೊಂಡ. ಆಮೇಲೆ ಹೊಲವೂ ಅವನದಾಯಿತು. ಹೆಸರು ಇದ್ದವನಿಗೆ ಸಂಬಂಧವಿಲ್ಲ!

"ಹಾಗಾದ್ರೆ ರಾಬರ್ಟ್‌ನ ಮನೆಯವರು ಯಾರೂ ಇಲ್ವಾ, ಕೇಳೆ," ಎಂದೆ ಶೈಲಾಗೆ.

ಆರ್ನೆ ರಸ್ತೆಯಾಚೆ ಕೈ ತೋರಿದ. "ಇದಾಳಲ್ಲ, ಬ್ರಿಟಾ. ಅವಳ ಅಪ್ಪನೇ ನಮ್ಮಪ್ಪನಿಗೆ ಹೊಲ ಮಾರಿದ್ದು. ಇವತ್ತಿಗೂ ನಮ್ಮ ಬೇಲಿ ಸರಿಯಿಲ್ಲ ಅಂತಾಳೆ."

ಆರ್ನೆಯೇ ಅವಳ ಮನೆಗೆ ಕರೆದುಕೊಂಡು ಹೋದ. ಬ್ರಿಟಾ ಯೋಹಾನ್ಸನ್: ರಾಬರ್ಟನ ಮಗ ಯೋಹಾನ್, ಅವನ ಮಗ ನಿಲ್ಸ್, ಅವನ ಮಗಳು; ನಿಲ್ಸ್‌ನ ಕಾಲಕ್ಕೆ ಅಪ್ಪನ ಹೆಸರಿಡುವ ಪದ್ಧತಿ ನಿಂತು ಯೋಹಾನ್ಸನ್ನೇ ಮನೆತನದ ಹೆಸರಾಗಿ ಉಳಿದಿತ್ತು. ನಮ್ಮ ಲೆಕ್ಕದಲ್ಲಿ ಜೀನಳಿಗೆ ದಾಯಾದಿ ಅಕ್ಕ. ನೋಡಿದರೆ ಜೀನಳ ಹೋಲಿಕೆ ಕೂದಲೆಳೆಯಷ್ಟೂ ಇಲ್ಲ. ಜೀನ್ ಉದ್ದ, ಒಣಕಲು. ಇವಳು ಗುಂಡಗೆ, ಗಿಡ್ಡ. ಸ್ಕಾಟ್‌ಲೆಂಡ್ ಎಂದರೆ ಭುಜ ಹಾರಿಸಿದಳು. ಡಫ್ ಎಂದರೆ ಕೇಳಿಯೇ ಇಲ್ಲ ಎಂದಳು. ಇವಳು ರಾಬರ್ಟನ ಮನೆಯವಳು ಹೌದೋ ಅಲ್ಲವೋ ಎಂದು ನನಗೆ ಮತ್ತೆ ಅನುಮಾನ. ಕಾಫಿ ಹೊತ್ತಾಗಿತ್ತು. ಅಲ್ಲಿ ಫಿಕಾ ಎಂದರೆ ಕಾಫಿಯ ಜೊತೆ ತಿನ್ನಲು ಏನಾದರೂ ಇರಲೇಬೇಕು. ಬ್ರಿಟಾ ಒಳಗಿಂದ ತಟ್ಟೆ ತಂದಿಟ್ಟು, "ಅಂಗಡೀದು ಏನೂ ಇಲ್ಲ. ಬ್ಯಾನಕ್ ಇದೆ, ಅಷ್ಟೆ," ಎಂದಳು.

ಶೈಲಾ, "ಅದೇನು ಪದಾನೋ, ಗೊತ್ತಿಲ್ಲ ದೊಡ್ಡಮ್ಮ, ಸ್ವೀಡಿಷ್ ಅಲ್ಲ," ಎಂದಳು. ಆರ್ನೆ ನಕ್ಕು, ಅದು ಇವರ ಮನೆಯಲ್ಲಿ ಮಾತ್ರ ಇರುವ ಪದ, ಊರಲ್ಲಿ ಇನ್ಯಾರಿಗೂ ಗೊತ್ತಿಲ್ಲ, ಎಂದ.

ದಪ್ಪನೆಯ ಬಿಲ್ಲೆ, ಕಾವಲಿಯ ಮೇಲೆ ಬೇಯಿಸಿದ್ದು, ನಾಲ್ಕು ಭಾಗ, ಬೆಣ್ಣೆ. ರಾಗಿಯದಲ್ಲ, ಬಾರ್ಲಿಯದು. ನಾನು ಕಚ್ಚಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತುಂಬಿತ್ತು. ಒಂದು ಬೆರಳೆತ್ತಿ, ನುಂಗಿ, ಕಣ್ಣೊರೆಸಿಕೊಂಡು, ಆಮೇಲೆ "ಹೌದು, ಇವಳೇ," ಎಂದೆ.

ಹೊರಡುವಾಗ ಬ್ರಿಟಾ ಒಂದು ಇಡೀ ಬ್ಯಾನಕ್ಕನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಪುಳಿಯೋಗರೆಯ ಖಾಲಿ ಡಬ್ಬಿಯಲ್ಲಿಟ್ಟುಕೊಂಡೆ. ಗೋಥೆನ್‌ಬರ್ಗ್‌ನಲ್ಲಿ ಫ್ರೀಜರಿನಲ್ಲಿಟ್ಟು, ಎರಡು ವಿಮಾನ ಬದಲಾಯಿಸಿ, ಬೆಂಗಳೂರಿಗೆ ಬಂದ ಮೂರನೆಯ ದಿನ ಜೀನಳ ಮನೆಗೆ ಹೋದೆ.

ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡದ್ದೆಲ್ಲ ಅವಳ ಮುಂದೆ ಉಲ್ಟಾಪಲ್ಟಾ ಆಯಿತು. ಗೋರ್ಡು, ಗುಮಾಸ್ತ, ಆರ್ನೆ, ಬೇಲಿ, ಎಲ್ಲ ಕಲಸಿ ಹೇಳಿದೆ. "ಡಫ್!" ಎಂದಳು ಜೀನ್. "ಡಫ್ ಅಂದ್ರೆ ಉಪಯೋಗಕ್ಕೆ ಬಾರದ್ದು ಅಂತ ಅರ್ಥ, ಹೆಗ್ಗಿ. ಅದಕ್ಕೇ ತಾತ ಹೇಳ್ಲಿಲ್ವೇನೋ." ಆಮೇಲೆ, "ಅಂದ್ರೆ ಇಷ್ಟು ವರ್ಷ ನಾನು ಸಹಿ ಹಾಕ್ತಿದ್ದಿದ್ದು ನನ್ನ ಅಡ್ರೆಸ್ಸು."

"ನಾನೂ ಅಷ್ಟೇ ಅಲ್ವಾ," ಎಂದೆ. "ಎಚ್."

"ನಿನ್ನ ಹೆಗ್ಗೆರೆ ನೋಡಿದೀಯಾ?"

"ಇಲ್ಲ ಕಣೆ. ಅಪ್ಪನೂ ನೋಡಿರ್ಲಿಲ್ಲ ಅನ್ಸುತ್ತೆ."

"ಗುಡ್," ಎಂದಳು ಜೀನ್. ಯಾಕೆ ಗುಡ್ ಎಂದಳೋ ಇವತ್ತಿಗೂ ಗೊತ್ತಾಗಿಲ್ಲ.

ಕಲ್ಲಿನ ಮಾತನ್ನು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಡಬ್ಬಿ ಕೊಟ್ಟೆ. ಗಟ್ಟಿಯಾಗಿತ್ತು, ಹಲ್ಲಿಗೆ ಹುಷಾರು, ಚಹಾದಲ್ಲಿ ಅದ್ದಿಕೋ ಎಂದೆ. ಮಳೆ ಕಟ್ಟುತ್ತಿತ್ತು, ಆಟೋದವನು ಹಾರನ್ ಒತ್ತುತ್ತಿದ್ದ. ಹತ್ತಿ ಕುಳಿತೆ. ಜೀನ್ ಗೇಟಿನವರೆಗೆ ಡಬ್ಬಿ ಹಿಡಿದುಕೊಂಡೇ ಬಂದಿದ್ದಳು. ತಡೆಯಲಾರದೆ ಆಗಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಿದ್ದಳು.

"ಕಲ್ಲಿನವನಿಗೆ ಏನು ಹೇಳ್ತೀಯೇ?" ಎಂದು ಕೊನೆಗೂ ನಾನೇ ಕೂಗಿ ಕೇಳಿದೆ.

ಅವಳ ಬಾಯಿ ತುಂಬಿತ್ತು. ನನ್ನನ್ನು ನೋಡುತ್ತ, ಅಗಿಯುತ್ತ, ಒಂದು ಬೆರಳೆತ್ತಿದಳು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಆ ಬೆರಳು ಹಾಗೇ ಮೇಲಿತ್ತು.